ಶಾಂತಕ್ಕನ ಕೈಗುಣ

ನಾನು ನನ್ನ ನೆಗೆಣ್ಣಿಗೆ ಸುಳ್ಳು ಹೇಳಿದೆ. ಬಾಯಿತಪ್ಪಿ ಬಂದ ಮಾತು ಎನ್ನಲಾರೆ, ಅರ್ಧಂಬರ್ಧ ತಿಳಿದು ಹೇಳಿದೆ ಎಂದೂ ಅನ್ನಲಾರೆ — ಪೂರ್ತಿ ಗೊತ್ತಿದ್ದು, ಅದರಿಂದ ಏನಾಗುತ್ತದೆ ಎಂಬುದೂ ಗೊತ್ತಿದ್ದು ಹೇಳಿದ ಸುಳ್ಳು. ಒಂದು ಹೂವಿನ ಗಡ್ಡೆಯನ್ನು ಹೇಗೆ ನೆಡಬೇಕು ಎಂಬುದರ ಬಗ್ಗೆ. ಇಷ್ಟಕ್ಕೇನಾ ಇಷ್ಟು ದೊಡ್ಡ ಪೀಠಿಕೆ ಎಂದು ನೀವು ನಗಬಹುದು. ಒಂಬತ್ತು ವರ್ಷ ನಾನೂ ಹಾಗೆಯೇ ನಕ್ಕು ತಳ್ಳಿಹಾಕಿದೆ. ಆ ಸುಳ್ಳಿನ ದೆಸೆಯಿಂದ ಖಾನಾಪುರದ ಒಂದು ಮನೆಯಲ್ಲಿ ಅರವತ್ತೇಳರ ಹೆಂಗಸೊಬ್ಬಳು ತನ್ನ ಎರಡೂ ಕೈ ಕೆಟ್ಟವೆಂದು ನಂಬಿಕೊಂಡು ಕೂತಿದ್ದಾಳೆ.

ನಾನು ಸುಮಂಗಲಾ. ಬೆಳಗಾವಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಬೇರು ಯಾವುದು, ಕಾಂಡ ಯಾವುದು, ಗಡ್ಡೆ ಯಾಕೆ ಬೇರಲ್ಲ — ಇದನ್ನು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೋ. ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸಿ, ಚೆನ್ನಾಗಿ ಬರೆದವರಿಗೆ ಪೆನ್ನು ಕೊಟ್ಟವಳೂ ನಾನೇ. ನಮ್ಮ ಮನೆ ರಾಮತೀರ್ಥ ನಗರದಲ್ಲಿದೆ. ಗಂಡನ ಮೂಲ ಮನೆ, ಹೊಲ ಎಲ್ಲ ಖಾನಾಪುರದಲ್ಲಿ. ಅಲ್ಲಿ ಅತ್ತೆ, ಭಾವ, ಭಾವನ ಹೆಂಡತಿ ಅಂದರೆ ನನ್ನ ನೆಗೆಣ್ಣಿ ಶಾಂತಕ್ಕ, ಅವರ ಮಗ, ಸೊಸೆ. ನಾವು ಹಬ್ಬಕ್ಕೆ, ಬಿತ್ತನೆಗೆ, ಸುಗ್ಗಿಗೆ ಹೋಗಿ ಬರುವವರು.

ಶಾಂತಕ್ಕನ ಕೈಗುಣ ಆ ಓಣಿಗೆಲ್ಲ ಹೆಸರಾಗಿತ್ತು. ಆಕೆ ಹೆಪ್ಪು ಹಾಕಿದರೆ ಮೊಸರು ಚಾಕುವಿನಿಂದ ಕೊಯ್ಯುವ ಹಾಗೆ ಕೂಡುತ್ತಿತ್ತು. ಆಕೆ ಉಪ್ಪು ಬೆರೆಸಿದ ಮಾವಿನಕಾಯಿ ಎರಡು ಮಳೆಗಾಲ ಕೆಡುತ್ತಿರಲಿಲ್ಲ. ಮೆಣಸಿನ ಸಸಿ ಹಚ್ಚುವವರು ಮೊದಲ ಸಸಿಯನ್ನು ಆಕೆಯ ಕೈಯಿಂದಲೇ ಹಚ್ಚಿಸುತ್ತಿದ್ದರು. ಇನ್ನು ನಮ್ಮ ಹೊಲದಲ್ಲಿ ಭತ್ತ ಬಿತ್ತುವ ದಿನ, ಕೂರಿಗೆಗೆ ಪೂಜೆ ಮಾಡಿ, ಅದರ ಬಟ್ಟಲಿಗೆ ಮೊದಲ ಮುಷ್ಟಿ ಬೀಜ ಹಾಕುವುದು ಮನೆಯ ಹೆಣ್ಣುಮಗಳ ಹಕ್ಕು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದರೂ ಆ ಪದ್ಧತಿ ಹೋಗಿಲ್ಲ. ಅತ್ತೆ ಬಿಟ್ಟುಕೊಟ್ಟ ಮೇಲೆ ಅದು ಶಾಂತಕ್ಕನಿಗೆ ಬಂದಿತ್ತು. ಮದುವೆಯಾಗಿ ಬಂದ ಮೂರನೇ ವರ್ಷದಿಂದ, ಒಂದು ಸಲವೂ ತಪ್ಪದೆ ಹಾಕಿದ್ದಳು. ವರ್ಷದಲ್ಲಿ ಅದೊಂದು ದಿನ ಆಕೆ ಧಾರವಾಡ ಸೀರೆ ಉಟ್ಟು, ಗಂಡಸರಿಗಿಂತ ಮುಂದೆ ನಡೆದು ಹೊಲಕ್ಕೆ ಹೋಗುತ್ತಿದ್ದಳು.

ನನ್ನ ಕೈ ಹೇಗೆಂದರೆ — ನಾನು ಹೆಪ್ಪು ಹಾಕಿದ ಹಾಲು ಮರುದಿನವೂ ಹಾಲೇ. ಖಾನಾಪುರದ ಹಿತ್ತಲಲ್ಲಿ ನಾನು ಹಚ್ಚಿದ ಬದನೆ ಸಸಿ ಸೊರಗಿ ಬಿದ್ದಾಗ ಅತ್ತೆ ಅಂದಿದ್ದರು, "ಸಣ್ಣಾಕಿ ಕೈಗೆ ಸೀಮೆಸುಣ್ಣ ಅಷ್ಟ ಒಗ್ಗತೈತಿ ನೋಡ." ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದೆ ಇದ್ದವಳು ಶಾಂತಕ್ಕ ಒಬ್ಬಳೇ. "ಬಿಡ್ರಿ ಅತ್ತಿಯಾರ, ಅಕಿ ಮಂದಿ ಮಕ್ಕಳನ್ನ ಬೆಳಸ್ತಾಳ, ಅದೇನ ಸಣ್ಣ ಬೆಳಿ ಏನ್ರಿ?" ಎಂದಳು. ನನ್ನ ಪರ ಆಡಿದ ಮಾತು. ನನಗೆ ಸಿಟ್ಟು ಬಂದದ್ದು ಅತ್ತೆಯ ಮೇಲಲ್ಲ, ಆ ಮಾತಾಡಿದವಳ ಮೇಲೆ. ಏಳನೇ ಇಯತ್ತೆ ಓದಿದ ಹೆಂಗಸು ನನ್ನ ಪರವಾಗಿ ಮಾತಾಡುವುದೇ ಎಂದು — ಹೌದು, ಹಾಗೆಯೇ ಅನ್ನಿಸಿತು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಅನ್ನಿಸಿದ್ದು ಹಾಗೆಯೇ.

ಆಮೇಲೆ ನೀಲಿ ಲಿಲ್ಲಿ ಬಂತು. ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿನ ಹಳೆಯ ಬಂಗಲೆಯಲ್ಲಿ ಬಾಡಿಗೆಗಿದ್ದ ನನ್ನ ಸಹೋದ್ಯೋಗಿಯೊಬ್ಬರು ವರ್ಗವಾಗಿ ಹೋಗುವಾಗ ಅಂಗಳದಿಂದ ಒಂದು ಗಡ್ಡೆ ಕಿತ್ತು ಕೊಟ್ಟಿದ್ದರು. ಪುಸ್ತಕದಲ್ಲಿ ಅದರ ಹೆಸರು ಅಗಪ್ಯಾಂತಸ್. ಬೇಸಿಗೆಯಲ್ಲಿ ಅರಳುವುದು. ಮಹಡಿಯ ಮೇಲೆ ಒಂದು ಸಣ್ಣ ಮಣ್ಣಿನ ಕುಂಡದಲ್ಲಿ ನೆಟ್ಟೆ. ಎರಡು ವರ್ಷ ಬರೀ ಎಲೆ. ನಾನು ಬಿಡದೆ ಪುಸ್ತಕ ತೆಗೆದು ಓದಿದೆ. ಇದಕ್ಕೆ ಜಾಗ ಹೆಚ್ಚಾಗಬಾರದು, ಬೇರು ಕುಂಡದ ತುಂಬ ಹೆಣೆದುಕೊಂಡು ಇಕ್ಕಟ್ಟಾಗಬೇಕು, ನಾಲ್ಕೈದು ವರ್ಷ ಕದಲಿಸಬಾರದು, ಕಿತ್ತು ಬಿಡಿಸಿದರೆ ಮತ್ತೆ ಒಂದೆರಡು ವರ್ಷ ಹೂವಿಲ್ಲ — ಹೀಗಿತ್ತು. ಮುಟ್ಟದೆ ಬಿಟ್ಟೆ. ಮರುವರ್ಷದ ಏಪ್ರಿಲ್‌ನಲ್ಲಿ ಎಲೆಗಳ ನಡುವಿನಿಂದ ಮೊಳಕಾಲೆತ್ತರದ ದಂಟು ಎದ್ದು, ತುದಿಯಲ್ಲಿ ಚೆಂಡಿನಂತೆ ಹೂಗೊಂಚಲು ಬಿರಿಯಿತು. ಶಾಯಿಗೆ ನಾಲ್ಕು ಹನಿ ಹಾಲು ಬೆರೆಸಿದ ಹಾಗಿನ ನೀಲಿ. ನಾನು ದಿನಕ್ಕೆ ಮೂರು ಸಲ ಮಹಡಿ ಹತ್ತಿ ನೋಡಿ ಬರುತ್ತಿದ್ದೆ.

ಅದೇ ವಾರ ಅತ್ತೆಯ ಕಣ್ಣು ತೋರಿಸಲೆಂದು ಶಾಂತಕ್ಕ ಅವರನ್ನು ಕರೆದುಕೊಂಡು ಬೆಳಗಾವಿಗೆ ಬಂದಿದ್ದಳು. ಮಹಡಿಗೆ ಕರೆದೊಯ್ದೆ. ತೋರಿಸಿ ಮೆರೆಯಬೇಕೆಂದೇ ಕರೆದೊಯ್ದೆ. ಅತ್ತೆ ಬಗ್ಗಿ ಹೂವನ್ನು ಮುಟ್ಟಿದರು. "ಖರೇನ? ಇದು ನಿನ್ನ ಕೈಯಾಗ ಬಂತ?" ಎಂದರು. ತಿರುಗಿ, "ಶಾಂತಾ, ಇಂಥಾದ್ದು ನಿನ್ನ ಕೈಯಾಗೂ ಬಂದಿಲ್ಲ ನೋಡವಾ" ಎಂದರು. ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷದ ಮೇಲೆ ನನ್ನ ಕೈಯ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು. ಮನಸ್ಸು ಉಬ್ಬಿಹೋಯಿತು.

ಶಾಂತಕ್ಕನಿಗೆ ಮತ್ಸರವೇ ಆಗಲಿಲ್ಲ. ಆಕೆ ಚಿಕ್ಕ ಹುಡುಗಿಯ ಹಾಗೆ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. "ಏನ ಬಣ್ಣಾನವಾ ಇದು! ಸುಮಾ, ನನಗೂ ಒಂದ ಗಡ್ಡಿ ಕೊಡ. ಹೆಂಗ ನೋಡ್ಕೋಬೇಕು ಹೇಳ. ನಿನ್ನಂಗ ಬುಕ್ಕ ಓದಾಕ ನನಗೇನ ಬರ್ತೈತಿ?"

ಆಗ ನನ್ನ ತಲೆಯಲ್ಲಿ ಹೊಳೆದದ್ದು ಇಷ್ಟೇ. ಈ ಗಡ್ಡೆ ಖಾನಾಪುರಕ್ಕೆ ಹೋದರೆ ಮುಗಿಯಿತು. ನಾಲ್ಕು ವರ್ಷದಲ್ಲಿ ಅಲ್ಲಿನ ಹಿತ್ತಲು ಪೂರ್ತಿ ನೀಲಿಯಾಗುತ್ತದೆ, ಓಣಿಯ ಜನ ನೋಡಲು ಬರುತ್ತಾರೆ, ನನ್ನ ಕುಂಡವನ್ನು ಮತ್ತೆ ಯಾರೂ ಕೇಳುವುದಿಲ್ಲ. ಕೊಡುವುದಿಲ್ಲ ಎನ್ನಬಹುದಿತ್ತು. ಜಿಪುಣಿ ಎನ್ನಿಸಿಕೊಳ್ಳುತ್ತಿದ್ದೆ, ಅಷ್ಟೇ. ಅದಕ್ಕೂ ನನಗೆ ಧೈರ್ಯ ಸಾಲಲಿಲ್ಲ. ಚಾಕು ತಂದು, ಉಳಿದ ಬೇರು ಕದಲದಂತೆ ಅಂಚಿನಿಂದ ಒಂದೇ ಗಡ್ಡೆ ಬಿಡಿಸಿ, ಪೇಪರಿನಲ್ಲಿ ಸುತ್ತಿ, ಆಕೆಯ ಉಡಿಯಲ್ಲಿಟ್ಟು ಹೇಳಿದೆ:

"ವರ್ಷಾ ವರ್ಷಾ ಕಿತ್ತು, ಗಡ್ಡಿ ಬಿಡಿಸಿ, ದೊಡ್ಡ ಪಾಟಿನ್ಯಾಗ ಹಚ್ಚರಿ ಅಕ್ಕಾರ. ಇಕ್ಕಟ್ಟಾತಂದ್ರ ಹೂವ ಬಿಡಂಗಿಲ್ಲ."

ಆಕೆ ಪಾಠ ಒಪ್ಪಿಸುವವಳ ಹಾಗೆ ಎರಡು ಸಲ ಹೇಳಿಕೊಂಡಳು — "ವರ್ಷಾ ವರ್ಷಾ ಕೀಳೂದು, ಬಿಡಸೂದು, ದೊಡ್ಡ ಪಾಟ." ಸರಿಯಾಗಿದೆಯಾ ಎಂಬಂತೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

ನಾನು ಕಲಿಸಿದ ಯಾವ ವಿದ್ಯಾರ್ಥಿಯೂ ಹೇಳಿದ್ದನ್ನು ಅಷ್ಟು ಅಚ್ಚುಕಟ್ಟಾಗಿ ಪಾಲಿಸಲಿಲ್ಲ. ದೀಪಾವಳಿ ಮುಗಿದ ಕೂಡಲೇ ಫೋನು ಬರುತ್ತಿತ್ತು. "ಸುಮಾ, ಇವತ್ತ ಗಡ್ಡಿ ಬಿಡಸಿದ್ನಿ. ಮೂರ ಆದ್ವು." ಮರುವರ್ಷ, "ಏಳ ಆದ್ವು." ನಾನು ರವಿವಾರ ಪೇಟೆಗೆ ಹೋಗಿ ದೊಡ್ಡ ದೊಡ್ಡ ಪ್ಲಾಸ್ಟಿಕ್ ಕುಂಡ ಆರಿಸಿ ತಂದು ಆಕೆಗೆ ಕೊಡುತ್ತಿದ್ದೆ. ನೋಡಿದವರು ನೆಗೆಣ್ಣಿಯರೆಂದರೆ ಹೀಗಿರಬೇಕು ಎನ್ನುತ್ತಿದ್ದರು. ಆಕೆ ಸಗಣಿ ಗೊಬ್ಬರ ಹಾಕುತ್ತಿದ್ದಳು, ಬೂದಿ ಹಾಕುತ್ತಿದ್ದಳು, ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು. ಎಲೆ ಹಸಿರಾಗಿ ಮಿರಿಮಿರಿ ಮಿಂಚುತ್ತಿತ್ತು. ಹೂವು ಮಾತ್ರ ಇಲ್ಲ. ಏಪ್ರಿಲ್ ಕಳೆಯುತ್ತಿದ್ದಂತೆ ಫೋನಿನಲ್ಲಿ ದನಿ ಸಣ್ಣಗಾಗುತ್ತಿತ್ತು. "ಬರೇ ಎಲಿ ಅದಾವವಾ. ನಾ ಎಲ್ಲಿ ತಪ್ಪಿದ್ನಿ?"

"ಇನ್ನೊಂದ ವರ್ಷ ನೋಡ್ರಿ ಅಕ್ಕಾರ" ಎನ್ನುತ್ತಿದ್ದೆ. ಫೋನಿಟ್ಟ ಮೇಲೆ ಮಹಡಿ ಹತ್ತಿ ನನ್ನ ಹೂವಿಗೆ ನೀರು ಹಾಕುತ್ತಿದ್ದೆ. ಖುಷಿಯಾಗುತ್ತಿತ್ತೇ? ಆಗುತ್ತಿತ್ತು. ಮೊದಲ ಎರಡು ವರ್ಷ ನಿಜಕ್ಕೂ ಆಗುತ್ತಿತ್ತು. ಆಮೇಲೆ ಅದೊಂದು ರೂಢಿಯಾಯಿತು.

ಇಲ್ಲಿಗೇ ನಿಂತಿದ್ದರೆ ಇದೊಂದು ಸಣ್ಣತನ ಎಂದುಕೊಂಡು ಸಾಯಬಹುದಿತ್ತೇನೋ.

ಶಾಂತಕ್ಕ ಬಿಡಿಸಿದ ಗಡ್ಡೆಗಳನ್ನು ಎಸೆಯುವವಳಲ್ಲ. ಹೆಚ್ಚಾದದ್ದನ್ನು ಓಣಿಯಲ್ಲಿ ಹಂಚುತ್ತಿದ್ದಳು. ಬಾಜು ಮನೆಯ ಮರಾಠಿ ಹೆಂಗಸು ಸುಲೋಚನಾಕಾಕು ಒಂದು ಗಡ್ಡೆ ಇಸಿದುಕೊಂಡು, ತೂತು ಬಿದ್ದ ಎಣ್ಣೆ ಡಬ್ಬಿಯಲ್ಲಿ ತುರುಕಿ, ಬಚ್ಚಲ ಪಕ್ಕದಲ್ಲಿಟ್ಟು ಮರೆತುಬಿಟ್ಟಿದ್ದಳು. ಆ ಡಬ್ಬಿಯೊಳಗೆ ಬೇರು ಹೆಣೆದು ಹೆಣೆದು ತಗಡೇ ಉಬ್ಬಿಕೊಂಡಿತ್ತು. ನಾಲ್ಕನೇ ವರ್ಷದ ಬೇಸಿಗೆಯಲ್ಲಿ ಅದರಲ್ಲಿ ಎರಡು ದಂಟು ಎದ್ದು, ಎರಡರಲ್ಲೂ ಹೂ ಬಿಟ್ಟಿತು. ಅವಳು ಡಬ್ಬಿ ಎತ್ತಿಕೊಂಡು ನಮ್ಮ ಮನೆಯ ಪಡಸಾಲೆಗೇ ತಂದು ತೋರಿಸಿದಳು, ಸಂಭ್ರಮಕ್ಕೆ. ಅವಳದು ತಪ್ಪಿಲ್ಲ.

ನಾವು ಬಿತ್ತನೆಗೆಂದು ಹೋದದ್ದು ಅದಾಗಿ ನಾಲ್ಕು ದಿನಕ್ಕೆ. ಆ ವರ್ಷ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿತ್ತು. ಉಪ್ಪಿನಕಾಯಿಯ ಒಂದು ಭರಣಿ ಬೂಸು ಹಿಡಿದಿತ್ತು. ಯಾವ ಮನೆಯಲ್ಲಿ ಆಗುವುದಿಲ್ಲ ಇವೆಲ್ಲ? ಆದರೆ ಡಬ್ಬಿಯ ಹೂವು ನೋಡಿದ ಮೇಲೆ ಅತ್ತೆ ಒಂದೊಂದನ್ನೇ ಹಿಂದಕ್ಕೆ ಹೋಗಿ ಹೆಕ್ಕಿ ತಂದು ಪೋಣಿಸಿಬಿಟ್ಟಿದ್ದರು. ಕೂರಿಗೆ ಪೂಜೆಗೆಂದು ಎಲ್ಲರೂ ಪಡಸಾಲೆಯಲ್ಲಿ ಸೇರಿದ್ದೆವು. ಶಾಂತಕ್ಕ ಸೀರೆ ಉಟ್ಟು, ಬೀಜದ ಬುಟ್ಟಿ ಹಿಡಿದು ನಿಂತಿದ್ದಳು. ಅತ್ತೆ ಕೂತಲ್ಲಿಂದಲೇ ಹೇಳಿದರು:

"ಅಕಿ ಕೊಟ್ಟ ಗಡ್ಡಿ ಮಂದಿ ಮನ್ಯಾಗ ಹೂವ ಬಿಡ್ತಾವ, ಅಕಿ ಕೈಯಾಗ ಬಿಡಂಗಿಲ್ಲ. ಕೈಗುಣಾ ಹೋಗೇತಿ. ಈ ಸಲ ಬೀಜ ಸಣ್ಣಾಕಿ ಹಾಕ್ಲಿ."

ಭಾವ ನೆಲ ನೋಡಿದರು. ನನ್ನ ಗಂಡ ಆರತಿ ತಟ್ಟೆಯ ಬತ್ತಿ ಸರಿಮಾಡತೊಡಗಿದರು. ನಾವು ಶರಣರ ಮನೆತನದವರು, ಶಕುನ ಪಂಚಾಂಗ ನಂಬುವವರಲ್ಲ ಎಂದು ಊರಿಗೆ ಹೇಳಿಕೊಳ್ಳುವವರು. ಶಾಂತಕ್ಕ ಬುಟ್ಟಿಯನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡಿದಳು. ಅಲ್ಲಿದ್ದವರಲ್ಲಿ ಆ ಡಬ್ಬಿ ಯಾಕೆ ಹೂ ಬಿಟ್ಟಿತು ಎಂದು ಗೊತ್ತಿದ್ದವಳು ನಾನೊಬ್ಬಳೇ. ಒಂದು ವಾಕ್ಯ ಸಾಕಿತ್ತು. ಒಂಬತ್ತನೇ ತರಗತಿಯ ಮಕ್ಕಳಿಗೂ ಅರ್ಥವಾಗುವಂಥ ಒಂದು ವಾಕ್ಯ —

ನಾನು ಕೈ ಚಾಚಿದೆ. ಆಕೆ ಬುಟ್ಟಿಯನ್ನು ನನ್ನ ಕೈಗಿಟ್ಟಳು.

ಅಂದು ಹೊಲಕ್ಕೆ ಗಂಡಸರಿಗಿಂತ ಮುಂದೆ ನಡೆದವಳು ನಾನು. ಕೂರಿಗೆಯ ಬಟ್ಟಲಿಗೆ ಮುಷ್ಟಿ ತುಂಬ ಭತ್ತ ಹಾಕಿದೆ. ಆ ವರ್ಷ ಮಳೆ ಹದವಾಗಿ ಬಿತ್ತು, ಬೆಳೆ ಚೆನ್ನಾಗಿ ಬಂತು, ಹೆಸರು ನನ್ನ ಕೈಗೆ ಬಂತು. ಅಲ್ಲಿಂದ ಐದು ವರ್ಷ ನಾನೇ ಹಾಕಿದ್ದೇನೆ. ಶಾಂತಕ್ಕ ಮೊದಲ ವರ್ಷ ಆರತಿ ತಟ್ಟೆ ಹಿಡಿದು ಬದುವಿನ ಮೇಲೆ ನಿಂತಿದ್ದಳು. ಮುಂದಿನ ವರ್ಷ ಮನೆಯಲ್ಲೇ ಉಳಿದಳು, ಅಡುಗೆ ನೋಡಿಕೊಳ್ಳಬೇಕೆಂದು. ಲಿಲ್ಲಿಯ ಕುಂಡಗಳನ್ನೆಲ್ಲ ತಿಪ್ಪೆಗೆ ಸುರಿದಳು. ಹೆಪ್ಪು ಹಾಕುವುದನ್ನು ಸೊಸೆ ರೇಣುಕಾಳಿಗೆ ಬಿಟ್ಟಳು. ಉಪ್ಪಿನಕಾಯಿಗೆ ಉಪ್ಪು ಅಳೆದು ಕೊಡುತ್ತಾಳೆ, ಕಲಸುವುದಿಲ್ಲ. ಬೈದು ಹೊರಗಿಟ್ಟಿದ್ದರೆ ಸಿಟ್ಟಾದರೂ ಬರುತ್ತಿತ್ತು. ಯಾರೂ ಬೈಯಲಿಲ್ಲ. ಆಕೆಯೇ ನಂಬಿಬಿಟ್ಟಳು. ಒಮ್ಮೆ ನಾನು ಬೆಳಗಾವಿಗೆ ಹೊರಟಾಗ ಸ್ಟೀಲಿನ ಡಬ್ಬಿ ಕೊಟ್ಟು, "ಮುಂದಿನ ಸಲ ಬರೂಮುಂದ ನಿಮ್ಮ ಮನಿ ಹೆಪ್ಪು ತಗೊಂಡ ಬಾರವಾ, ನಿನ್ನ ಕೈದು" ಎಂದಳು. ನನ್ನ ಕೈ ಹೆಪ್ಪು! ನಾನು ಪ್ಯಾಕೆಟ್ಟಿನ ಮೊಸರು ತಂದು ಆ ಡಬ್ಬಿಗೆ ಸುರಿದು ಒಯ್ದು ಕೊಟ್ಟೆ. ಕಣ್ಣಿಗೊತ್ತಿಕೊಂಡು ಇಸಿದುಕೊಂಡಳು.

ಅದನ್ನೂ ನಾನು ನುಂಗಿಕೊಂಡೆ. ಎಷ್ಟೆಂದು ನುಂಗಬಹುದು ಎಂಬುದಕ್ಕೆ ನನ್ನ ವಿಷಯದಲ್ಲಿ ಮಿತಿ ಇದ್ದಂತಿರಲಿಲ್ಲ.

ಹೋದ ಚಳಿಗಾಲದಲ್ಲಿ ರೇಣುಕಾಳಿಗೆ ಹೆಣ್ಣು ಕೂಸು ಹುಟ್ಟಿತು. ಶಾಂತಕ್ಕನ ಮೊದಲ ಮೊಮ್ಮಗಳು. ತೊಟ್ಟಿಲಿಗೆ ಹಾಕುವ ದಿನ ಮನೆತುಂಬ ಹೆಂಗಸರು. ಕೂಸನ್ನು ಮೊದಲು ತೊಟ್ಟಿಲಿಗೆ ಹಾಕಬೇಕಾದವಳು ಅಜ್ಜಿ. ಎಲ್ಲರೂ ಕರೆದರು. ಶಾಂತಕ್ಕ ಅಡುಗೆಮನೆಯ ಬಾಗಿಲಲ್ಲಿ, ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. "ನನ್ನ ಕೈ ಬ್ಯಾಡ. ಸುಮಾ, ನೀ ಹಾಕ." ರೇಣುಕಾ ಕೂತಲ್ಲಿಂದಲೇ, "ಅತ್ತಿ, ನೀವ ಹಾಕ್ರಿ, ನಾ ಹೇಳಾಕತ್ತೀನಲ್ಲ" ಎಂದಳು. ಆಕೆ ಕದಲಲಿಲ್ಲ. ನಾನೇ ಹಾಕಿದೆ. ಹೆಂಗಸರು ಹಾಡಿದರು.

ಊಟವಾದ ಮೇಲೆ ರೇಣುಕಾ ನನ್ನನ್ನು ಪಕ್ಕಕ್ಕೆ ಕರೆದಳು. "ಸಣ್ಣತ್ತಿ, ನಮ್ಮ ಅತ್ತಿ ಕೂಸಿನ್ನ ಎತ್ಕೊಳ್ಳಂಗಿಲ್ರಿ. ಅದು ಮಕ್ಕೊಂಡ ಮ್ಯಾಲ ಬಂದು, ದೂರ ನಿಂತು ನೋಡಿ ಹೋಗ್ತಾರ. ನಾ ಏನರ ತಪ್ಪ ಮಾಡೀನೇನ್ರಿ?"

ಆ ಹುಡುಗಿ ತನ್ನದೇ ತಪ್ಪು ಎಂದುಕೊಂಡಿದ್ದಳು. ನಾನು ಹೇಳಿದ ಒಂದು ಮಾತು ಹೀಗೆ ಒಬ್ಬರಿಂದ ಒಬ್ಬರಿಗೆ ತಪ್ಪನ್ನು ದಾಟಿಸುತ್ತ ಹೋಗಿತ್ತು, ನನ್ನೊಬ್ಬಳನ್ನು ಬಿಟ್ಟು.

ಆದರೂ ಹೇಳಲು ನನಗೆ ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಈ ಮೇ ತಿಂಗಳಲ್ಲಿ ಒಬ್ಬಳೇ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ಶಾಂತಕ್ಕ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಮಹಡಿಯ ಮೇಲೆ ಆಡಿದ ಮಾತು, ಯಾಕೆ ಆಡಿದೆ, ಡಬ್ಬಿ ಯಾಕೆ ಹೂ ಬಿಟ್ಟಿತು, ಬೀಜದ ಬುಟ್ಟಿಗೆ ಕೈ ಚಾಚುವಾಗ ನನಗೆ ಏನೇನು ಗೊತ್ತಿತ್ತು. ಏನೂ ಬಿಡಲಿಲ್ಲ. ಆಕೆ ಕೆಲಸ ನಿಲ್ಲಿಸದೆ ಕೇಳಿದಳು. ಬೈಯುತ್ತಾಳೆ ಎಂದು ಕಾದೆ. ಬೈದರೆ ಸಾಕು ಎಂದು ಕಾದೆ.

ಆಕೆ ನಕ್ಕಳು. "ಹುಚ್ಚಿ. ನನ್ನ ಸಮಾಧಾನಕ್ಕಂತ ತಪ್ಪ ನಿನ್ನ ಮ್ಯಾಲ ಹಾಕ್ಕೋಳಾಕ ಬಂದಿ ಏನ? ರೇಣುಕಾ ಹೇಳಿ ಕಳಿಸ್ಯಾಳ, ನನಗ ಗೊತ್ತಾತ ಬಿಡ."

"ಅಕ್ಕಾರ, ಖರೇ ಹೇಳಾಕತ್ತೀನ್ರಿ."

"ನೀ ಹಂಗ ಮಾಡಾಕಿ ಅಲ್ಲ. ಪ್ರತಿ ವರ್ಷ ಅಷ್ಟ ದೊಡ್ಡ ದೊಡ್ಡ ಪಾಟ ಹೊತ್ಕೊಂಡ ಬರ್ತಿದ್ದಿ. ಕೆಟ್ಟ ಮನಸಿನ್ಯಾಕಿ ತರ್ತಾಳೇನವಾ?"

ನಾನು ಚೀಲದಿಂದ ಪುಸ್ತಕ ತೆಗೆದೆ, ಆ ಪುಟ ತೋರಿಸಿದೆ. ಇಂಗ್ಲಿಷು. ಆಕೆ ಹೂವಿನ ಚಿತ್ರ ನೋಡಿ, "ಚಂದ ಐತಿ" ಎಂದು ಮುಚ್ಚಿಟ್ಟಳು. ನನಗೆ ಅಳು ತಡೆಯಲಾಗಲಿಲ್ಲ. ಆಕೆ ಹುಣಸೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನ ಕೆನ್ನೆ ಒರೆಸಲೆಂದು ಎತ್ತಿದಳು. ಕೈ ಅರ್ಧಕ್ಕೆ ಬಂದು ನಿಂತಿತು. ಹಾಗೇ ಹಿಂದಕ್ಕೆ ತೆಗೆದುಕೊಂಡು ಒಳಗೆ ಕೂಗಿದಳು, "ರೇಣುಕಾ, ಸಣ್ಣತ್ತಿಗೆ ನೀರ ಕೊಡವಾ."

ಆ ಕೈ ಅರ್ಧಕ್ಕೆ ನಿಂತದ್ದನ್ನು ನಾನು ನೋಡಿದ್ದೇನೆ. ಇನ್ನು ನನಗೆ ಕ್ಷಮೆ ಬೇಕೆಂದು ಕೇಳುವ ಮುಖವಿಲ್ಲ. ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದ ಹೆಂಗಸು, ನಿಜ ಹೇಳಿದರೆ ನನ್ನನ್ನು ದೊಡ್ಡ ಮನಸ್ಸಿನವಳೆಂದು ಹೊಗಳುತ್ತಾಳೆ. ಹಿತ್ತಲಲ್ಲಿ, ಇಬ್ಬರೇ ಇದ್ದಾಗ ಹೇಳಿದೆನಲ್ಲ, ಅದರಲ್ಲೂ ನನ್ನ ಜಾಣತನವೇ ಇತ್ತು. ಕೈಗುಣ ಹೋಗಿದೆ ಎಂದು ತೀರ್ಪು ಕೊಟ್ಟದ್ದು ಎಲ್ಲರ ಎದುರು. ಅದು ಸುಳ್ಳೆಂದು ಹೇಳಬೇಕಾದದ್ದೂ ಅವರೆಲ್ಲರ ಎದುರಿಗೇ. ಆಗಲೂ ಶಾಂತಕ್ಕ ನಂಬದೆ ಇರಬಹುದು. ಆಕೆ ನಂಬದಿದ್ದರೂ ರೇಣುಕಾ ಕೇಳಿಸಿಕೊಳ್ಳುತ್ತಾಳೆ, ಭಾವ ಕೇಳಿಸಿಕೊಳ್ಳುತ್ತಾರೆ, ಸುಲೋಚನಾಕಾಕು ಕೇಳಿಸಿಕೊಳ್ಳುತ್ತಾಳೆ.

ಮುಂದಿನ ಗುರುವಾರ ಬಿತ್ತನೆ ಎಂದು ಭಾವ ಫೋನು ಮಾಡಿದ್ದಾರೆ. ಬೀಜದ ಬುಟ್ಟಿ ನನ್ನ ಮುಂದೆ ಬರುತ್ತದೆ, ನಾನು ಅದನ್ನು ಮುಟ್ಟುವುದಿಲ್ಲ. ಅತ್ತೆ ಯಾಕೆ ಎಂದು ಕೇಳುತ್ತಾರೆ. ಅವರಿಗೆ ಈಗ ಎಂಬತ್ತೊಂಬತ್ತು, ಎರಡೂ ಕಿವಿ ಮಂದ, ಮೆಲ್ಲಗೆ ಹೇಳಿದ್ದು ಏನೂ ಕೇಳಿಸುವುದಿಲ್ಲ. ಪಡಸಾಲೆಯ ನಡುವೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಕೂಗಿಯೇ ಹೇಳಬೇಕು.